ಪೌ ಹನ: ಹವಾಯಿಯಲ್ಲಿ ಕೆಲಸ ಬಿಟ್ಟ ಮೇಲಿನ ಹೊತ್ತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊನೊಲುಲುವಿಗೆ ಹೊಸದಾಗಿ ಕೆಲಸಕ್ಕೆ ಬಂದವರು, ರಜೆಗೆ ಬಂದು ಹೋಟೆಲಿನ ಮೆನು ನೋಡಿ ತಲೆ ಕೆರೆದುಕೊಂಡವರು, ಮಗಳ ಮನೆಗೆ ಬಂದು ಸಂಜೆ ಹೊತ್ತು ಹೋಗದೆ ಕೂತ ಅಪ್ಪ ಅಮ್ಮಂದಿರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಇದರಲ್ಲಿ ಕುಡಿಯುವ ಮಾತು ಕಡಿಮೆ, ಕಬ್ಬಿನ ಮಾತು ಜಾಸ್ತಿ. ಯಾಕೆ ಅಂತ ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಗೊತ್ತಾಗುತ್ತದೆ.

ಪೌ ಹನ ಅಂದರೆ ಏನು?

"ಪೌ" ಅಂದರೆ ಮುಗಿಯಿತು, "ಹನ" ಅಂದರೆ ಕೆಲಸ. ಎರಡೂ ಹವಾಯಿ ಭಾಷೆಯ ಪದಗಳು. ಕೆಲಸ ಬಿಡುವ ಹೊತ್ತಿಗೂ ಇದೇ ಹೆಸರು, ಬಿಟ್ಟ ಮೇಲೆ ನಾಲ್ಕು ಜನ ಸೇರುವುದಕ್ಕೂ ಇದೇ ಹೆಸರು. ಸಂಜೆ ರಸ್ತೆ ತುಂಬಿ ಕಾರುಗಳು ನಿಂತರೆ ಅದು "ಪೌ ಹನ ಟ್ರಾಫಿಕ್". "ಇವತ್ತು ಪೌ ಹನ ಇದೆ, ಬರ್ತೀಯಾ?" ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ, ಎಲ್ಲಾದರೂ ಕೂತು ಒಂದಿಷ್ಟು ತಿಂದು ಹರಟೆ ಹೊಡೆಯೋಣ ಬಾ ಅಂತ ಅರ್ಥ.

"ಪೌ" ಒಂದೇ ಪದವೂ ದಿನವಿಡೀ ಕಿವಿಗೆ ಬೀಳುತ್ತದೆ. ಊಟದ ತಟ್ಟೆ ಎತ್ತುವ ಮೊದಲು ಸರ್ವರ್ "ಪೌ?" ಅಂತ ಕೇಳುತ್ತಾರೆ. ಬ್ಯಾಟರಿ ಖಾಲಿಯಾದರೂ ಪೌ, ಅಂಗಡಿಯಲ್ಲಿ ಸಾಮಾನು ತೀರಿದರೂ ಪೌ. ನ್ಯೂಜಿಲ್ಯಾಂಡಿನ ಮಾವೊರಿ ಭಾಷೆಯಲ್ಲೂ ಪೌ ಅಂದರೆ ತೀರಿಹೋಯಿತು ಅಂತಲೇ. ಎರಡೂ ಪಾಲಿನೇಷ್ಯದ ಒಂದೇ ಭಾಷಾ ಕುಟುಂಬಕ್ಕೆ ಸೇರಿವೆ.

ಹೇಗೆ ಉಚ್ಚರಿಸಬೇಕು?

ಕನ್ನಡದವರಿಗೆ ಇದು ಸಲೀಸು. ಹವಾಯಿ ಭಾಷೆಯಲ್ಲಿ ಇರುವುದು 13 ಅಕ್ಷರ. ಐದು ಸ್ವರ, ಎಂಟು ವ್ಯಂಜನ. ಸ್ವರಗಳು ನಮ್ಮ ಅ, ಎ, ಇ, ಒ, ಉ ಇದ್ದ ಹಾಗೇ ಇವೆ, ಅವಕ್ಕೂ ಹ್ರಸ್ವ ದೀರ್ಘ ಇದೆ. ದೀರ್ಘಕ್ಕೆ ಅಕ್ಷರದ ಮೇಲೆ ಒಂದು ಗೆರೆ ಎಳೆಯುತ್ತಾರೆ, ಅದರ ಹೆಸರು ಕಹಕೋ. ಎಂಟನೇ ವ್ಯಂಜನ ಮಾತ್ರ ನಮಗೆ ಹೊಸದು. ಗಂಟಲಲ್ಲಿ ಉಸಿರನ್ನು ಒಂದು ಕ್ಷಣ ತಡೆದು ಬಿಡುವ ಸದ್ದು ಅದು, ಹೆಸರು ಒಕಿನ.

"ಹನ"ದಲ್ಲಿ ಎರಡೂ ಹ್ರಸ್ವ. ಮೊದಲ ಅಕ್ಷರ ಎಳೆದು "ಹಾನ" ಅಂದರೆ ಅದು ಮಾವಿ ದ್ವೀಪದ ಒಂದು ಊರಾಗುತ್ತದೆ. "ಪೌ" ಅನ್ನುವುದನ್ನು ತಡೆದು ಎಳೆದು "ಪಾಊ" ಅಂದರೆ ಮೆರವಣಿಗೆಯಲ್ಲಿ ಕುದುರೆ ಏರುವ ಹೆಂಗಸರು ಉಡುವ ಉದ್ದನೆಯ ಲಂಗ. ಇನ್ನೊಂದು ಮಾತು: ಇದು ನ, ಣ ಅಲ್ಲ. ಹೊಸಬರು "ಪೌ ಹಣ" ಅಂದಾಗ ಸಂಬಳ ಖಾಲಿ ಅನ್ನುವ ಹಾಗೆ ನಮ್ಮ ಕಿವಿಗೆ ಕೇಳಿಸುತ್ತದೆ. ಹೊನೊಲುಲುವಿನ ಬಾಡಿಗೆ ನೋಡಿದರೆ ಅದೂ ಸುಳ್ಳಲ್ಲ ಬಿಡಿ.

ಈ ಮಾತು ಎಲ್ಲಿಂದ ಬಂತು?

ಕಬ್ಬಿನ ತೋಟದಿಂದ. ಪದಗಳು ಹಳೆಯವು. ಆದರೆ ಎರಡೂ ಜೊತೆಯಾಗಿ ಊರವರೆಲ್ಲರ ಬಾಯಿಗೆ ಬಂದದ್ದು ಸಕ್ಕರೆ ಕಂಪನಿಗಳ ಕಾಲದಲ್ಲಿ.

ದೊಡ್ಡ ಮಟ್ಟದ ಮೊದಲ ಕಬ್ಬಿನ ತೋಟ ಶುರುವಾದದ್ದು 1835ರಲ್ಲಿ, ಕವಾಯಿ ದ್ವೀಪದ ಕೊಲೋವದಲ್ಲಿ. ಹೊರಗಿನವರು ತಂದ ರೋಗಗಳಿಂದ ದ್ವೀಪದ ಮೂಲ ಜನರ ಸಂಖ್ಯೆ ಕುಸಿಯುತ್ತಾ ಬಂದಿತ್ತು. ತೋಟಕ್ಕೆ ಕೈಗಳು ಸಾಲಲಿಲ್ಲ. ಹಾಗಾಗಿ ಹಡಗುಗಳಲ್ಲಿ ಕೂಲಿಗಳನ್ನು ತರಿಸಿದರು. 1852ರಲ್ಲಿ ಚೀನಾದವರು ಬಂದರು. 1878ರಿಂದ ಪೋರ್ಚುಗೀಸರು, 1885ರಿಂದ ಸರ್ಕಾರಿ ಕರಾರಿನ ಮೇಲೆ ಜಪಾನಿನವರು, 1900ರಲ್ಲಿ ಪೋರ್ಟೊ ರಿಕೊದವರು, 1903ರಲ್ಲಿ ಕೊರಿಯದವರು, 1906ರಿಂದ ಫಿಲಿಪೀನ್ಸಿನವರು. 1885ರ ಜಪಾನಿ ಕರಾರು ಹೀಗಿತ್ತು: ತಿಂಗಳಿಗೆ 26 ದಿನ ಕೆಲಸ. ಗದ್ದೆಯಲ್ಲಾದರೆ ದಿನಕ್ಕೆ 10 ಗಂಟೆ, ಮಿಲ್ಲಿನಲ್ಲಾದರೆ 12 ಗಂಟೆ. ಗಂಡಾಳಿಗೆ ತಿಂಗಳಿಗೆ 9 ಡಾಲರ್ ಕೂಲಿ, ಊಟಕ್ಕೆ 6 ಡಾಲರ್. ಕರಾರು ಮುರಿದು ಓಡಿಹೋದವರನ್ನು ಹಿಡಿದು ತರಲು ಕಾನೂನೇ ಇತ್ತು. ಆ ಪದ್ಧತಿ ನಿಂತದ್ದು ಹವಾಯಿ ಅಮೆರಿಕದ ಕೈಗೆ ಹೋಗಿ, 1900ರಲ್ಲಿ ಹೊಸ ಕಾಯಿದೆ ಬಂದ ಮೇಲೆ.

ಪ್ರತಿ ಕೂಲಿಗೂ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು. ಅದರ ಹೆಸರು ಬಂಗೊ. ಅದರ ಮೇಲೆ ನಂಬರು ಕೊರೆದಿರುತ್ತಿತ್ತು. ಸಂಬಳ ತಗೊಳ್ಳುವಾಗ ಹೆಸರಲ್ಲ, ಆ ನಂಬರು. ಕಂಪನಿ ಅಂಗಡಿಯಲ್ಲಿ ಸಾಲ ಬರೆಸುವಾಗಲೂ ಅದೇ ನಂಬರು. ಕುದುರೆ ಮೇಲೆ ಕೂತು ಮೇಲ್ವಿಚಾರಣೆ ಮಾಡುವವನು "ಲೂನ". ಬೆಳಿಗ್ಗೆ ಎದ್ದೇಳಿಸುವುದೂ ಮಿಲ್ಲಿನ ಸೀಟಿ, ಸಂಜೆ ಬಿಡುವುದೂ ಮಿಲ್ಲಿನ ಸೀಟಿ. ಆ ಸಂಜೆ ಸೀಟಿಯೇ ಪೌ ಹನ.

ಒಬ್ಬರ ಭಾಷೆ ಒಬ್ಬರಿಗೆ ಬಾರದ ಕಡೆ ಕೆಲಸದ ಮಾತುಗಳು ಎಲ್ಲರಿಗೂ ಗೊತ್ತಿರಲೇಬೇಕಲ್ವಾ? ಹಾಗಾಗಿ ಕಳೆ ಕೊಚ್ಚುವುದು "ಹೋ ಹನ" ಆಯಿತು. ಕಬ್ಬಿನ ಒಣ ಸೋಗೆ ಸುಲಿಯುವುದು "ಹೊಲೆ ಹೊಲೆ". ಕಬ್ಬಿನ ಕಟ್ಟು ಹೊತ್ತು ಏರಿಸುವುದು "ಹಾಪಾಯಿ ಕೋ". ಇವೆಲ್ಲ ಹವಾಯಿ ಭಾಷೆಯ ಪದಗಳು. ಚೀನಾದವನೂ, ಪೋರ್ಚುಗೀಸನೂ, ಫಿಲಿಪಿನೋನೂ ಒಂದೇ ಥರ ಹೇಳುತ್ತಿದ್ದರು. ಇವುಗಳಲ್ಲಿ ಮೊದಲ ಮೂರು ಇವತ್ತು ಮ್ಯೂಸಿಯಂ ಸೇರಿವೆ. ಪೌ ಹನ ಮಾತ್ರ ಊರಿನಲ್ಲಿ ಉಳಿಯಿತು. ಕೆಲಸದ ಹೆಸರುಗಳನ್ನು ಮರೆತರು, ಬಿಡುವಿನ ಹೆಸರನ್ನು ಇಟ್ಟುಕೊಂಡರು. ನನಗಂತೂ ಇದರಲ್ಲಿ ಏನೂ ಆಶ್ಚರ್ಯವಿಲ್ಲ.

ಮಾವಿಯ ಪುವುನೇನೆಯಲ್ಲಿ ಕೊನೆಯ ಸಕ್ಕರೆ ಮಿಲ್ಲು 2016ರ ಡಿಸೆಂಬರ್‌ನಲ್ಲಿ ಮುಚ್ಚಿತು.

ಆಗ ಸೀಟಿ ಬಿದ್ದ ಮೇಲೆ ಜನ ಏನು ಮಾಡುತ್ತಿದ್ದರು?

ಮೊದಲು ಸ್ನಾನ. ಹವಾಯಿಯ ಮಣ್ಣು ಕೆಂಪು, ಜಿಗುಟು. ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಉಗುರಿನ ಸಂದಿಯಲ್ಲೂ ಕೂರುತ್ತದೆ. ಕಬ್ಬಿನ ಎಲೆಯ ಅಂಚು ಬ್ಲೇಡಿನ ಹಾಗೆ ಕೊಯ್ಯುವುದರಿಂದ ಅಷ್ಟು ಸೆಕೆಯಲ್ಲೂ ಕೈಕಾಲಿಗೆ ಬಟ್ಟೆ ಸುತ್ತಿಕೊಂಡೇ ಗದ್ದೆಗೆ ಇಳಿಯಬೇಕಿತ್ತು. ಜಪಾನಿ ಕೂಲಿಗಳ ಕ್ಯಾಂಪಿನಲ್ಲಿ "ಫುರೊ" ಅಂತ ಸಾಮೂಹಿಕ ಬಚ್ಚಲುಮನೆ ಇರುತ್ತಿತ್ತು. ಕೆಳಗೆ ಸೌದೆ ಉರಿ, ಮೇಲೆ ದೊಡ್ಡ ತೊಟ್ಟಿ ತುಂಬ ಬಿಸಿನೀರು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಅಡ್ಡಗೋಡೆ. ಮೊದಲು ಹೊರಗೆ ಮೈ ಉಜ್ಜಿ ತೊಳೆದುಕೊಂಡು, ಆಮೇಲೆ ತೊಟ್ಟಿಗೆ ಇಳಿದು ಕುತ್ತಿಗೆವರೆಗೆ ಮುಳುಗಿ ಕೂರುವುದು. ಬರೀ ಕೊಳೆ ಹೋಗಲು ಅಷ್ಟು ಹೊತ್ತು ಬೇಕಿಲ್ಲ. ಕ್ಯಾಂಪಿನ ಸುದ್ದಿಯೆಲ್ಲ ಅಲ್ಲೇ ಕೈ ಬದಲಾಗುತ್ತಿತ್ತು. ಒವಾಹು ದ್ವೀಪದ ವೈಪಾಹುವಿನಲ್ಲಿ ಹವಾಯಿ ಪ್ಲಾಂಟೇಶನ್ ವಿಲೇಜ್ ಅಂತ ಬಯಲು ಮ್ಯೂಸಿಯಂ ಇದೆ. ಅಲ್ಲಿ ಬೇರೆ ಬೇರೆ ದೇಶದ ಕೂಲಿಗಳ ಮನೆಗಳ ಜೊತೆ ಫುರೊ ಕೂಡ ನೋಡಬಹುದು.

ಹೆಂಗಸರ ಕಥೆ ಬೇರೆ. ಅವರೂ ಗದ್ದೆಯಲ್ಲಿ ದುಡಿದು ಬರುತ್ತಿದ್ದರು, ಕಡಿಮೆ ಕೂಲಿಗೆ. ಬಂದ ಮೇಲೆ ಅಡುಗೆ, ಮಕ್ಕಳು. ಅದು ಮುಗಿದರೆ ಕ್ಯಾಂಪಿನ ಒಂಟಿ ಗಂಡಸರ ಬಟ್ಟೆ ಒಗೆದು, ಊಟ ಕಟ್ಟಿಕೊಟ್ಟು ಒಂದಿಷ್ಟು ಕಾಸು ಮಾಡಿಕೊಳ್ಳುತ್ತಿದ್ದರು. ಸೀಟಿ ಅವರಿಗೂ ಕೇಳುತ್ತಿತ್ತು, ಆದರೆ ಹನ ಪೌ ಆಗುತ್ತಿರಲಿಲ್ಲ. ಸೋಗೆ ಸುಲಿಯುತ್ತಾ ಅವರು ಹಾಡುತ್ತಿದ್ದ ಜಪಾನಿ ಹಾಡುಗಳಿಗೆ "ಹೊಲೆಹೊಲೆ ಬುಶಿ" ಅಂತ ಹೆಸರು. ಅವುಗಳಲ್ಲಿ ಲೂನನ ಮೇಲಿನ ಸಿಟ್ಟಿದೆ, ಗಂಡನ ಮೇಲಿನ ಬೇಸರವಿದೆ, ಊರಿಗೆ ವಾಪಸ್ ಹೋಗಲೋ ಇಲ್ಲೇ ಇರಲೋ ಅನ್ನುವ ಗೊಂದಲವೂ ಇದೆ. ಮುಂದೆ ಇದೇ ಹಾಡುಗಳನ್ನು ಊರಿನ ಟೀ ಹೌಸುಗಳಲ್ಲಿ ಸಂಜೆಯ ಕೂಟಗಳಲ್ಲೂ ಹಾಡತೊಡಗಿದರು.

ಬೇರೆ ಬೇರೆ ದೇಶದವರು ಒಟ್ಟಿಗೆ ಸೇರುತ್ತಿದ್ದರಾ?

ಕಂಪನಿಗೆ ಅದು ಬೇಕಿರಲಿಲ್ಲ. ಕ್ಯಾಂಪುಗಳು ದೇಶವಾರು ಬೇರೆ ಬೇರೆ ಇದ್ದವು, ಕೂಲಿಯಲ್ಲೂ ವ್ಯತ್ಯಾಸ ಇತ್ತು. 1909ರಲ್ಲಿ ಜಪಾನಿಗಳು ಮಾತ್ರ ಮುಷ್ಕರ ಹೂಡಿದರು. 1920ರಲ್ಲಿ ಜಪಾನಿಗಳೂ ಫಿಲಿಪಿನೋಗಳೂ ಜೊತೆಗೆ ನಿಂತರು. ಎಲ್ಲರೂ ಒಂದಾಗಿ ನಿಂತದ್ದು 1946ರಲ್ಲಿ. ಆ ಸಲ ತೋಟಗಳು 79 ದಿನ ನಿಂತವು, ಕಾರ್ಮಿಕರು ಗೆದ್ದರು.

ಮಧ್ಯಾಹ್ನದ ಊಟದಲ್ಲಿ ಮಾತ್ರ ಗಡಿ ಉಳಿಯಲಿಲ್ಲ. ಕೂಲಿಗಳು ತರುತ್ತಿದ್ದ "ಕೌಕೌ ಟಿನ್" ನಮ್ಮ ಟಿಫನ್ ಕ್ಯಾರಿಯರಿನ ತಮ್ಮ ಇದ್ದ ಹಾಗೆ. ಕೆಳಗಿನ ಡಬ್ಬಿಯಲ್ಲಿ ಅನ್ನ, ಮೇಲಿನದರಲ್ಲಿ ಪಲ್ಯವೋ ಮೀನೋ. ಗದ್ದೆಯ ಬದುವಿನಲ್ಲಿ ಕೂತಾಗ ಮೇಲಿನ ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಇವತ್ತಿನ ಪೌ ಹನ ಟೇಬಲ್ಲಿನ ಮೇಲೆ ಕೊರಿಯದ ಕಿಮ್ಚಿ, ಜಪಾನಿನ ಎಡಮಾಮೆ ಅನ್ನುವ ಹಸಿ ಸೋಯಾ ಕಾಯಿ, ಪೋರ್ಚುಗೀಸ್ ಸಾಸೇಜ್, ಹವಾಯಿಯ ಪೋಕೆ ಎಲ್ಲ ಒಟ್ಟಿಗೆ ಇರುವುದಕ್ಕೆ ಆ ಬದುವೇ ಕಾರಣ.

ಕಬ್ಬು ಬರುವ ಮೊದಲು? ಆಗಲೂ ಕೆಲಸ ಬಿಟ್ಟು ಕೂರುವ ರೂಢಿ ಇತ್ತಾ?

ಇತ್ತು. ಅದರ ಮಧ್ಯದಲ್ಲಿ ಇದ್ದದ್ದು "ಅವ". ಬೇರೆ ದ್ವೀಪಗಳಲ್ಲಿ ಇದನ್ನು ಕಾವಾ ಅನ್ನುತ್ತಾರೆ. ಇದೊಂದು ಗಿಡ, ನಮ್ಮ ವೀಳ್ಯದೆಲೆ ಮತ್ತು ಕಾಳುಮೆಣಸಿನ ಸ್ವಂತ ಬಂಧು, ಮೂರೂ ಪೈಪರ್ ಕುಲದವು. ಬೇರನ್ನು ಜಜ್ಜಿ, ನೀರಿನಲ್ಲಿ ಕಿವುಚಿ, ಸೋಸಿ, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಾರೆ. ನೋಡಲು ಕೆಸರು ನೀರು, ರುಚಿ ಕಹಿ. ನಾಲಿಗೆ ತುಟಿ ಜುಮ್ಮೆನ್ನುತ್ತವೆ, ಮೈ ಸಡಿಲವಾಗುತ್ತದೆ. ಇದರಲ್ಲಿ ಆಲ್ಕೋಹಾಲ್ ಇಲ್ಲ. ದೇವರ ಕಾರ್ಯಕ್ಕೂ ಅವ ಬೇಕಿತ್ತು, ಅರಸರಿಗೂ ಬೇಕಿತ್ತು. ಗದ್ದೆ ಮಾಡುವವರು, ಮೀನು ಹಿಡಿಯುವವರು ಮೈಕೈ ನೋವಿಗೆ ಸಂಜೆ ಹೊತ್ತು ಕುಡಿಯುತ್ತಿದ್ದರು. ಇವತ್ತಿಗೂ ಹವಾಯಿಯಲ್ಲಿ ಅವ ಬಾರ್‌ಗಳಿವೆ. ಅಲ್ಲಿ ಗಲಾಟೆ ಇರುವುದಿಲ್ಲ, ಜನ ಮೆತ್ತಗೆ ಮಾತಾಡುತ್ತಾ ಕೂತಿರುತ್ತಾರೆ. ಔಷಧಿ ತಗೊಳ್ಳುವವರು ಮೊದಲು ಡಾಕ್ಟರ್ ಕೇಳಿ, ಕುಡಿದು ಗಾಡಿ ಓಡಿಸಬೇಡಿ.

ದೊಡ್ಡ ಬಿಡುವು ವರ್ಷಕ್ಕೊಮ್ಮೆ ಬರುತ್ತಿತ್ತು. "ಮಕಹಿಕಿ" ಅದರ ಹೆಸರು. ಸಂಜೆ ಹೊತ್ತು ಮೂಡಣದಲ್ಲಿ ಮಕಲಿಇ, ಅಂದರೆ ನಮ್ಮ ಕೃತ್ತಿಕೆ, ಕಾಣಿಸಿಕೊಂಡಾಗ ಶುರು. ಹೆಚ್ಚು ಕಡಿಮೆ ನಾಲ್ಕು ತಿಂಗಳು. ಮಳೆ ಬೆಳೆಗಳ ದೇವರು ಲೋನೊನ ಕಾಲ ಅದು. ಯುದ್ಧ ಮಾಡುವಂತಿಲ್ಲ. ಮುಷ್ಟಿ ಕಾಳಗ, ಕಲ್ಲಿನ ಬಿಲ್ಲೆ ಉರುಳಿಸುವ ಆಟ, ಕುಣಿತ, ಊಟ. ಆದರೆ ಅದಕ್ಕೂ ಮೊದಲು ಅರಸನ ಕಡೆಯವರು ಬಂದು ಕಪ್ಪಕಾಣಿಕೆ ಎತ್ತಿಕೊಂಡು ಹೋಗುತ್ತಿದ್ದರು. ತೆರಿಗೆ ಕಟ್ಟಿದ ಮೇಲೇ ಹಬ್ಬ.

ಪೂಪೂ ಅಂದರೆ ಏನು? ಮೆನುವಿನಲ್ಲಿ ನೋಡಿ ಮಕ್ಕಳು ನಗುತ್ತಿದ್ದಾರೆ.

ನಗಲಿ ಬಿಡಿ, ಎಲ್ಲರ ಮಕ್ಕಳೂ ನಗುತ್ತಾರೆ. ಪೂಪೂ ಅಂದರೆ ನಮ್ಮ ಕಡೆ "ಸೈಡ್ಸ್" ಅನ್ನುತ್ತೇವಲ್ಲ, ಅದು. ಅವ ಕುಡಿದ ಬಾಯಿಯ ಕಹಿ ಹೋಗಿಸಲು ಹಿಂದೆ ಒಂದು ತುಂಡು ಮೀನೋ ಕೋಳಿಯೋ ಬಾಳೆಹಣ್ಣೋ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಅದಕ್ಕೆ ಪೂಪೂ ಅಂತ ಹೆಸರು. ಅವ ಹೋಗಿ ಬಿಯರ್ ಬಂತು, ಪೂಪೂ ಹಾಗೇ ಉಳಿಯಿತು. ಸಮುದ್ರದ ಚಿಪ್ಪಿಗೂ ಪೂಪೂ ಅಂತಲೇ ಹೆಸರಿದೆ.

ಇವುಗಳ ರಾಜ ಪೋಕೆ. ಹಸಿ ಟ್ಯೂನಾ ಮೀನನ್ನು ಚೌಕವಾಗಿ ತುಂಡು ಮಾಡಿ, ಉಪ್ಪು, ಸಮುದ್ರದ ಪಾಚಿ, ಹುರಿದು ಕುಟ್ಟಿದ ಕುಕುಯಿ ಬೀಜ ಹಾಕಿ ಕಲಸುವುದು ಹಳೆಯ ರೀತಿ. ಸೋಯಾ ಸಾಸ್, ಎಳ್ಳೆಣ್ಣೆ, ಈರುಳ್ಳಿ ಆಮೇಲೆ ಬಂದವು. ಸೂಪರ್ ಮಾರ್ಕೆಟ್ಟಿನಲ್ಲೇ ಪೋಕೆ ಕೌಂಟರ್ ಇರುತ್ತದೆ, ತೂಕಕ್ಕೆ ಮಾರುತ್ತಾರೆ. ಶುಕ್ರವಾರ ಸಂಜೆ ಅಲ್ಲಿ ಸಾಲು ನೋಡಬೇಕು. ಕೆಲಸದ ಬೂಟು, ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡೇ ಬಂದವರು, ಆಸ್ಪತ್ರೆ ಬಟ್ಟೆಯಲ್ಲಿರುವ ನರ್ಸ್‌ಗಳು, ಎಲ್ಲರ ಬಾಯಲ್ಲೂ "ಅರ್ಧ ಪೌಂಡ್ ಶೋಯು ಅಹಿ", ಅಂದರೆ ಸೋಯಾ ಸಾಸ್ ಹಾಕಿದ ಟ್ಯೂನಾ, ಅನ್ನುವ ಮಾತೇ.

ನಾನು ಸಸ್ಯಾಹಾರಿ. ನನಗೇನಿದೆ?

ಬೇಯಿಸಿದ ಕಡಲೆಕಾಯಿ ಇದೆ. ನಿಜ, ಸಿಪ್ಪೆ ಸಮೇತ ಉಪ್ಪು ನೀರಿನಲ್ಲಿ ಬೇಯಿಸಿದ್ದು, ಬಸವನಗುಡಿಯಲ್ಲಿ ಸಿಗುವಂಥದ್ದೇ. ಒಂದೇ ವ್ಯತ್ಯಾಸ, ಇಲ್ಲಿ ಅದಕ್ಕೆ ಚಕ್ರಮೊಗ್ಗು ಹಾಕುತ್ತಾರೆ. ಅದು ಚೀನಾದವರ ಕೈಗುಣ. ಬೆಳ್ಳುಳ್ಳಿ ಹಾಕಿದ ಎಡಮಾಮೆ, ತೋಫು ಪೋಕೆ ಕೂಡ ಸಿಗುತ್ತವೆ. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದು ಮಾಡುವ ಪೋಯಿ ಪೂರ್ತಿ ಸಸ್ಯಾಹಾರ, ಆದರೆ ಹುಳಿ ಬಂದ ಪೋಯಿ ಮೊದಲ ಸಲಕ್ಕೆ ಎಲ್ಲರಿಗೂ ಹಿಡಿಸುವುದಿಲ್ಲ. ಸಾಸ್‌ಗಳಲ್ಲಿ ಮೀನಿನ ಸಾರ ಇರುತ್ತದೆ, ಕೇಳಿಯೇ ತಿನ್ನಿ. ಕೆಸುವಿನೆಲೆಯಲ್ಲಿ ಸುತ್ತಿದ "ಲೌಲೌ" ನೋಡಿ ಪತ್ರೊಡೆ ಅಂದುಕೊಂಡು ಕೈ ಹಾಕಬೇಡಿ, ಒಳಗೆ ಹಂದಿ ಮಾಂಸ ಇರುತ್ತದೆ.

ಕುಡಿಯುವುದು ಮೈ ತಾಯಿ ತಾನೇ?

ಅದು ಪ್ರವಾಸಿಗರ ಕೈಯಲ್ಲಿ ಇರುವುದು. ಮೈ ತಾಯಿ ಅನ್ನುವ ಈ ರಮ್ ಕಾಕ್‌ಟೇಲ್ ಹುಟ್ಟಿದ್ದು 1944ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನಲ್ಲಿ, ಹವಾಯಿಗೆ ಬಂದದ್ದು 1953ರಲ್ಲಿ. ಹೆಸರು ತಾಹಿತಿ ಭಾಷೆಯದು. ಊರಿನವರ ಪೌ ಹನದಲ್ಲಿ ಐಸ್ ಡಬ್ಬಿಯ ತುಂಬ ಬಿಯರ್ ಕ್ಯಾನ್‌ಗಳು, ಪಕ್ಕದಲ್ಲಿ ಗ್ರೀನ್ ಟೀ, ಸೋಡಾ. ಕುಡಿಯದವರನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ. ತಿನ್ನದವರನ್ನು ಮಾತ್ರ ಬಿಡುವುದಿಲ್ಲ.

ಬೀಚಿನಲ್ಲಿ ಕೂತು ಬಿಯರ್ ಕುಡಿಯಬಹುದಾ?

ಹೊನೊಲುಲುವಿನ ಸಾರ್ವಜನಿಕ ಪಾರ್ಕು, ಬೀಚ್ ಪಾರ್ಕುಗಳಲ್ಲಿ ಕಾನೂನು ಪ್ರಕಾರ ಇಲ್ಲ. ಬೇರೆ ಕಡೆ ಕುಡಿಯುವುದಾದರೂ ವಯಸ್ಸು 21 ತುಂಬಿರಬೇಕು.

"ಟಾಕ್ ಸ್ಟೋರಿ" ಅಂತಾರಲ್ಲ, ಅದೇನು?

ಪೌ ಹನದ ಜೀವವೇ ಅದು. ಕಥೆ ಹೇಳು ಅಂತ ಅರ್ಥ ಅಲ್ಲ, ಸುಮ್ನೆ ಕೂತು ಮಾತಾಡುವುದು. ಹವಾಯಿ ಭಾಷೆಯಲ್ಲಿ ಇದಕ್ಕೆ "ವಲಾವು" ಅನ್ನುತ್ತಾರೆ. ಮಲೆನಾಡಿನವರ ಪಟ್ಟಾಂಗ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಆದರೂ ಇದರ ನಡೆ ಸ್ವಲ್ಪ ಬೇರೆ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ನಡುವೆಯೇ ಎತ್ತಿಕೊಳ್ಳುತ್ತಾರೆ, ಮೂರನೆಯವರು ಅದಕ್ಕೆ ಬಾಲ ಸೇರಿಸುತ್ತಾರೆ. ಅಡ್ಡ ಬಾಯಿ ಹಾಕುವುದು ಇಲ್ಲಿ ಒರಟುತನ ಅಲ್ಲ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಅಂತ ತೋರಿಸುವ ರೀತಿ. ಒಬ್ಬರೇ ಉದ್ದಕ್ಕೆ ಮಾತಾಡಿ ತಮ್ಮ ಪ್ರತಾಪ ಹೇಳಿಕೊಂಡರೆ ಟೇಬಲ್ ತಣ್ಣಗಾಗುತ್ತದೆ.

ಇದು ಶಾಲೆಯ ಪಾಠಕ್ಕೂ ಬಂದಿದೆ. 1970ರ ದಶಕದಲ್ಲಿ ಹೊನೊಲುಲುವಿನಲ್ಲಿ ಕಮೆಹಮೆಹ ಶಿಕ್ಷಣ ಯೋಜನೆ ಅಂತ ಒಂದು ಪ್ರಯೋಗ ನಡೆಯಿತು. ಹವಾಯಿ ಮೂಲದ ಮಕ್ಕಳು ಕೈ ಎತ್ತಿ ಒಬ್ಬೊಬ್ಬರಾಗಿ ಉತ್ತರ ಹೇಳಬೇಕಾದ ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ, ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವ ಹಾಗೆ ಬಿಟ್ಟಾಗ ಓದಿದ್ದರ ಬಗ್ಗೆ ಚುರುಕಾಗಿ ಮಾತಾಡಿದರು. ಕ್ಯಾಥರಿನ್ ಆವು ಅನ್ನುವ ಶಿಕ್ಷಣ ತಜ್ಞೆ ಇದನ್ನು ವಿವರವಾಗಿ ಬರೆದಿದ್ದಾರೆ.

ಹೊಸಬರಿಗೆ ಒಂದೇ ಎಚ್ಚರಿಕೆ. ಕೂತ ತಕ್ಷಣ "ನೀವು ಎಲ್ಲಿ ಕೆಲಸ, ಯಾವ ಪೋಸ್ಟ್?" ಅಂತ ಶುರು ಮಾಡಬೇಡಿ. ಕೆಲಸ ಪೌ ಆಯಿತಲ್ಲ. ಇಲ್ಲಿ ಕೇಳುವ ಪ್ರಶ್ನೆ "ಯಾವ ಹೈಸ್ಕೂಲ್?" ಅಂತ. ಅದರ ಉತ್ತರದಿಂದ ಯಾವ ಊರು, ಯಾರ ಕಡೆಯವರು ಎಲ್ಲ ಹೊರಬರುತ್ತದೆ. ನೀವು ಹೊರಗಿನವರು, ನಿಮ್ಮ ಹೈಸ್ಕೂಲಿನ ಹೆಸರು ಹೇಳಿ ಪ್ರಯೋಜನವಿಲ್ಲ. ನಿಮ್ಮ ಊರಿನಲ್ಲಿ ಏನು ತಿನ್ನುತ್ತಾರೆ ಅಂತ ಹೇಳಿ, ಅಷ್ಟು ಸಾಕು.

ಅವರು ಆಡುವ ಇಂಗ್ಲಿಷ್ ಅರ್ಧ ಅರ್ಥವಾಗುವುದಿಲ್ಲ. ಅದು ಹವಾಯಿ ಭಾಷೆಯಾ?

ಅಲ್ಲ, ಅದು ಪಿಜಿನ್. ಹೆಸರು ಹಾಗಿದ್ದರೂ ಅದು ಮುರುಕು ಇಂಗ್ಲಿಷ್ ಅಲ್ಲ. ತೋಟದ ಮಕ್ಕಳು ತಾಯ್ನುಡಿಯಾಗಿ ಆಡಿ ಬೆಳೆಸಿದ ಪೂರ್ತಿ ಭಾಷೆ, ಭಾಷಾಶಾಸ್ತ್ರದವರು ಇದನ್ನು ಕ್ರಿಯೋಲ್ ಅನ್ನುತ್ತಾರೆ. 2015ರಲ್ಲಿ ಅಮೆರಿಕದ ಜನಗಣತಿ ಇಲಾಖೆಯೂ ಇದನ್ನು ಭಾಷೆಗಳ ಪಟ್ಟಿಗೆ ಸೇರಿಸಿತು. "ಪೌ ಆಲ್ರೆಡಿ?" ಅಂದರೆ ಆಗಲೇ ಮುಗಿಯಿತಾ. "ಗ್ರೈಂಡ್ಸ್" ಅಂದರೆ ತಿಂಡಿ ಊಟ. "ಬ್ರೋಕ್ ದ ಮೌತ್" ಅಂದರೆ ರುಚಿ ಅಂದರೆ ರುಚಿ. "ಶೂಟ್ಸ್" ಅಂದರೆ ಸರಿ, ಆಯ್ತು. "ಹೊಲೊಹೊಲೊ" ಅಂದರೆ ಹಾಗೇ ಒಂದು ಸುತ್ತು ಹೋಗಿ ಬರುವುದು. ಹೆಸರು ಬಾಯಿಗೆ ಬಾರದಾಗ "ದ ಕೈನ್" ಅಂದರೆ ಆಯಿತು, ನಮ್ಮ "ಅದೇ, ಅದು" ಇದ್ದ ಹಾಗೆ.

ಹವಾಯಿ ಭಾಷೆಯ ಪಾಡು ಬೇರೆ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪಟ್ಟದಿಂದ ಇಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಕಡ್ಡಾಯ ಮಾಡಿತು. ಮುಂದೆ ಎರಡು ಮೂರು ತಲೆಮಾರು ಮಕ್ಕಳ ಬಾಯಲ್ಲಿ ಭಾಷೆ ಇಲ್ಲದಂತಾಯಿತು. 1978ರಲ್ಲಿ ರಾಜ್ಯದ ಅಧಿಕೃತ ಭಾಷೆ ಆಯಿತು, 1984ರಲ್ಲಿ ಕವಾಯಿಯ ಕೆಕಹದಲ್ಲಿ "ಪೂನನ ಲೆಯೊ" ಹೆಸರಿನ ಮೊದಲ ಹವಾಯಿ ಮಾಧ್ಯಮದ ಶಿಶುವಿಹಾರ ತೆರೆಯಿತು. ಶಾಲೆಯಿಂದ ಹೊರಗೆ ಹಾಕಿದ ಭಾಷೆಯ ಎಷ್ಟೋ ಪದಗಳು ನಡುವಿನ ಆ ವರ್ಷಗಳಲ್ಲಿ ಪಿಜಿನ್ ಮಾತಾಡುವವರ ಬಾಯಲ್ಲಿ ಉಳಿದವು. ಪೌ ಹನ ಅಂಥದ್ದರಲ್ಲಿ ಒಂದು.

ಮನೆಗೆ ಕರೆದಿದ್ದಾರೆ. ಹೇಗೆ ಹೋಗಬೇಕು?

ಮನೆ ಅಂದರೆ ಬಹಳ ಸಲ ಮನೆಯ ಒಳಗಲ್ಲ, ಗ್ಯಾರೇಜು. ಕಾರು ಹೊರಗೆ ನಿಲ್ಲಿಸಿ, ಮಡಚುವ ಕುರ್ಚಿ, ಟೇಬಲ್, ಐಸ್ ಡಬ್ಬಿ ಹಾಕಿರುತ್ತಾರೆ. ಬಾಗಿಲು ಮೇಲಕ್ಕೆ ಎತ್ತಿರುತ್ತದೆ, ದಾರಿಯಲ್ಲಿ ಹೋಗುವ ನೆರೆಯವರೂ ಬಂದು ಕೂರುತ್ತಾರೆ. ಒಳಗೆ ಕಾಲಿಡುವುದಾದರೆ ಚಪ್ಪಲಿ ಹೊರಗೆ. ಇದನ್ನು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ಬಿಟ್ಟ ಚಪ್ಪಲಿ ವಾಪಸ್ ಹುಡುಕುವುದೇ ಕಷ್ಟ, ಎಲ್ಲರದ್ದೂ ಒಂದೇ ಥರದ ರಬ್ಬರ್ ಚಪ್ಪಲಿ.

ಬರಿಗೈಲಿ ಹೋಗಬಾರದು. ದುಬಾರಿಯದ್ದೇನೂ ಬೇಡ, ಒಂದು ಡಬ್ಬಿ ಪೋಕೆಯೋ, ಮನೆಯ ಚಕ್ಕುಲಿಯೋ ಸಾಕು. ಚಕ್ಕುಲಿ ಮೊದಲು ಖಾಲಿಯಾಗುತ್ತದೆ, ನೋಡಿ. ವಯಸ್ಸಾದವರನ್ನು ಆಂಟಿ, ಅಂಕಲ್ ಅನ್ನಿ. ಹೊರಡುವಾಗ ಅಲ್ಯುಮಿನಿಯಂ ಹಾಳೆಯಲ್ಲಿ ಊಟ ಕಟ್ಟಿ ಕೈಗಿಡುತ್ತಾರೆ, ಬೇಡ ಅನ್ನಬೇಡಿ.

ಹಾಡು ಕುಣಿತ ಇರುತ್ತದಾ?

ಉಕುಲೇಲೆ ಯಾರದಾದರೂ ಕಾರಿನಲ್ಲಿ ಇದ್ದೇ ಇರುತ್ತದೆ. ಹೇಳದೆ ಕೇಳದೆ ಶುರುವಾಗುವ ಇಂಥ ಹಾಡಿನ ಕೂಟಕ್ಕೆ "ಕನಿಕಪಿಲ" ಅಂತ ಹೆಸರು. "ಪಿಲ" ಅಂದರೆ ತಂತಿ ವಾದ್ಯ, ಅದನ್ನು ನುಡಿಸು ಅಂತ ಅರ್ಥ. ಉಕುಲೇಲೆಯೂ ಕಬ್ಬಿನ ಹಡಗಿನಲ್ಲೇ ಬಂದದ್ದು. 1879ರಲ್ಲಿ ಮದೀರಾ ದ್ವೀಪದಿಂದ ರೇವನ್ಸ್‌ಕ್ರಾಗ್ ಹಡಗಿನಲ್ಲಿ ಬಂದ ಪೋರ್ಚುಗೀಸ್ ಬಡಗಿಗಳು ತಮ್ಮ ಊರಿನ ಪುಟ್ಟ ಗಿಟಾರನ್ನು ಇಲ್ಲಿನ ಮರದಲ್ಲಿ ಮಾಡತೊಡಗಿದರು. ಹಾಡು ಹಿಡಿಸಿದರೆ "ಹನ ಹೊವು" ಅಂತ ಕೂಗಿ. ಇಲ್ಲೂ ಅದೇ ಹನ, ಇನ್ನೊಮ್ಮೆ ಮಾಡು ಅಂತ ಅರ್ಥ.

ಹವಾಯನ್ ಗಿಟಾರ್ ಅಂತೂ ನಮಗೆ ಹಳೆಯ ಪರಿಚಯ. ಒವಾಹುವಿನ ಲಾಇಎ ಊರಿನ ಜೋಸೆಫ್ ಕೆಕುಕು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ರೀತಿ ಬೆಳೆಸಿದರು. ಅಲ್ಲೇ ಬೆಳೆದ ಟೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು. ಆಕಾಶವಾಣಿಯಲ್ಲಿ ಹಿಂದಿ ಸಿನಿಮಾ ಹಾಡುಗಳನ್ನು ಗಿಟಾರಿನಲ್ಲಿ ಕೇಳಿದವರಿಗೆ ಆ ಜಾರುವ ಸ್ವರ ನೆನಪಿರಬಹುದು.

ಹೂವಿನ ಅಂಗಿ ಹಾಕಿಕೊಂಡೇ ಹೋಗಬೇಕಾ?

ಬೇಕು ಅಂತಿಲ್ಲ. ಹಾಕಿಕೊಂಡರೆ ಯಾರೂ ನಗುವುದಿಲ್ಲ, ಆಫೀಸಿಗೇ ಅದನ್ನು ಹಾಕುತ್ತಾರೆ. 1962ರಲ್ಲಿ ಬಟ್ಟೆ ತಯಾರಕರ ಸಂಘ ಶಾಸಕರಿಗೆಲ್ಲ ಎರಡೆರಡು ಅಲೋಹ ಶರ್ಟ್ ಹಂಚಿ, ಬೇಸಿಗೆಯಲ್ಲಿ ಕೋಟು ಟೈ ಬಿಡಿ ಅಂತ ಒತ್ತಾಯ ಮಾಡಿತು. 1966ರಲ್ಲಿ ಶುಕ್ರವಾರದ "ಅಲೋಹ ಫ್ರೈಡೇ" ರೂಢಿಗೆ ಬಂತು. ಮುಂದೆ ಐಟಿ ಕಂಪನಿಗಳ ಶುಕ್ರವಾರದ ಟಿ-ಶರ್ಟಿನವರೆಗೂ ಈ ಗಾಳಿ ಬೀಸಿತು. ವ್ಯಾಪಾರದ ತಂತ್ರವೇ, ಆದರೆ ಎಲ್ಲರಿಗೂ ಒಳ್ಳೆಯದಾದ ತಂತ್ರ.

ಈ ಅಂಗಿಯ ಕಥೆಯಲ್ಲಿ ಭಾರತದ ನೂಲೂ ಇದೆ. ಸಿಂಧ್‌ನಿಂದ ಬಂದ ವಾಟುಮಲ್ ಕುಟುಂಬ ಹೊನೊಲುಲುವಿನಲ್ಲಿ ಈಸ್ಟ್ ಇಂಡಿಯಾ ಸ್ಟೋರ್ ನಡೆಸುತ್ತಿತ್ತು. 1936ರಲ್ಲಿ ಅವರು ಎಲ್ಸಿ ದಾಸ್ ಎಂಬ ಕಲಾವಿದೆಯಿಂದ ಹವಾಯಿಯ ಹೂಗಳ ವಿನ್ಯಾಸ ಬರೆಸಿ, ಜಪಾನಿನಲ್ಲಿ ರೇಷ್ಮೆಯ ಮೇಲೆ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಅಂಗಿಗಳ ಮೇಲೆ ಹೆಚ್ಚಾಗಿ ಇದ್ದದ್ದು ಜಪಾನಿ ಚಿತ್ರಗಳೇ.

ಹೆಬ್ಬೆರಳು ಕಿರುಬೆರಳು ಎತ್ತಿ ಕೈ ಆಡಿಸುತ್ತಾರಲ್ಲ?

ಅದು ಶಾಕಾ. ಥ್ಯಾಂಕ್ಸ್, ಸರಿ, ಸಿಗೋಣ, ಎಲ್ಲಕ್ಕೂ ನಡೆಯುತ್ತದೆ. ಲಾಇಎಯ ಹಮನ ಕಲಿಲಿ ಎಂಬವರು ಕಹುಕುವಿನ ಸಕ್ಕರೆ ಮಿಲ್ಲಿನಲ್ಲಿ ನಡುವಿನ ಮೂರು ಬೆರಳು ಕಳೆದುಕೊಂಡರು. ಅವರು ಕೈ ಬೀಸುತ್ತಿದ್ದ ರೀತಿಯನ್ನೇ ಊರಿನ ಮಕ್ಕಳು ಅನುಕರಿಸಿದರು ಅಂತ ಎಲ್ಲರೂ ಹೇಳುವ ಕಥೆ. 2024ರಲ್ಲಿ ಇದನ್ನು ರಾಜ್ಯದ ಅಧಿಕೃತ ಸನ್ನೆ ಅಂತ ಕಾನೂನು ಮಾಡಿದರು.

ಹಾಗಾದರೆ ಹ್ಯಾಪಿ ಅವರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಹೋಟೆಲಿನವರ ಪ್ರಕಾರ ಏನೂ ಇಲ್ಲ. "ಪೌ ಹನ ಸ್ಪೆಷಲ್" ಅಂತ ಬೋರ್ಡ್ ಹಾಕಿ ಎರಡು ಡಾಲರ್ ಕಡಿಮೆ ಮಾಡುತ್ತಾರೆ. ನನ್ನ ಪ್ರಕಾರ ವ್ಯತ್ಯಾಸ ದೊಡ್ಡದು. ಹ್ಯಾಪಿ ಅವರ್ ಅಂಗಡಿಯವನು ಕೊಡುವ ಹೊತ್ತು. ಪೌ ಹನ ದುಡಿದವನು ಪಡೆದುಕೊಂಡ ಹೊತ್ತು. ದಿನವಿಡೀ ಈಜುಕೊಳದ ಪಕ್ಕ ಮಲಗಿದ್ದವನು ಸಂಜೆ ಪೌ ಹನ ಅಂದರೆ ಯಾರೂ ಬೈಯುವುದಿಲ್ಲ, ಆದರೆ ಮುಗಿದದ್ದು ಏನು ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ.

ಆ ಸ್ಪೆಷಲ್ ತಂದಿಡುವವರಿಗೆ ಅದು ಕೆಲಸ ಶುರುವಾಗುವ ಹೊತ್ತು. ಹವಾಯಿಯಲ್ಲಿ ಬದುಕು ದುಬಾರಿ, ಒಂದು ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ಓಡುವವರು ಬಹಳ. 2018ರಲ್ಲಿ ವೈಕೀಕಿ ಮತ್ತು ಮಾವಿಯ ಐದು ದೊಡ್ಡ ಹೋಟೆಲುಗಳ ಸುಮಾರು 2,700 ಕಾರ್ಮಿಕರು 51 ದಿನ ಮುಷ್ಕರ ಹೂಡಿದರು. ಅವರು ಹಿಡಿದ ಬೋರ್ಡಿನ ಮೇಲೆ ಇದ್ದ ಮಾತು: ಒಂದೇ ಕೆಲಸ ಸಾಕಾಗಬೇಕು.

ನಾನು ಪ್ರವಾಸಿ. ಈ ಪದ ಬಳಸಬಹುದಾ?

ಧಾರಾಳವಾಗಿ. ಪಿಜಿನ್ ಮಾತ್ರ ಅನುಕರಿಸಲು ಹೋಗಬೇಡಿ, ಅಣಕಿಸಿದ ಹಾಗೆ ಕೇಳುತ್ತದೆ.

ಪೌ ಹನ ಎಷ್ಟು ಗಂಟೆಗೆ? ಬೆಂಗಳೂರಿನಿಂದ ಯಾವಾಗ ಫೋನ್ ಮಾಡಲಿ?

ಬಹಳ ಬೇಗ. ಅಮೆರಿಕದ ಪೂರ್ವ ತೀರ ಹವಾಯಿಗಿಂತ ಐದಾರು ಗಂಟೆ ಮುಂದಿದೆ, ಅವರ ಜೊತೆ ವ್ಯವಹಾರ ಇರುವವರು ನಸುಕಿಗೇ ಆಫೀಸಿಗೆ ಬರುತ್ತಾರೆ. ಕಟ್ಟಡ ಕೆಲಸದವರೂ ಬೇಗ ಶುರು ಮಾಡುತ್ತಾರೆ. ಹಾಗಾಗಿ ಮೂರೂವರೆ ನಾಲ್ಕಕ್ಕೆಲ್ಲ ಪೌ ಹನ ಶುರು. ಡಿಸೆಂಬರಿನಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಜೂನಿನಲ್ಲಿ ಏಳೂಕಾಲರ ಹೊತ್ತಿಗೆ. ಕೆಲಸ ಬಿಟ್ಟು ಆಲಾ ವೈ ಕಾಲುವೆಯಲ್ಲಿ ದೋಣಿ ಹುಟ್ಟು ಹಾಕಲು ಹೋಗುವ ತಂಡಗಳಿಗೆ ಅಷ್ಟು ಬೆಳಕು ಸಾಕು.

ಬೆಂಗಳೂರು ಹೊನೊಲುಲುವಿಗಿಂತ ಹದಿನೈದೂವರೆ ಗಂಟೆ ಮುಂದೆ. ಇಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ವರ್ಷವಿಡೀ ಇದೇ ಲೆಕ್ಕ. ಇಲ್ಲಿ ಶುಕ್ರವಾರ ಸಂಜೆ ಐದು ಅಂದರೆ ಅಲ್ಲಿ ಶನಿವಾರ ಬೆಳಿಗ್ಗೆ ಎಂಟೂವರೆ. ನಿಮ್ಮ ತಿಂಡಿ ಮುಗಿಸಿ ಫೋನ್ ಮಾಡಿ. ಹಿಂದೆ ಗದ್ದಲ ಕೇಳಿಸಿದರೆ ಚಿಕ್ಕದಾಗಿ ಮಾತಾಡಿ ಇಟ್ಟುಬಿಡಿ, ಭಾನುವಾರ ಮತ್ತೆ ಮಾಡಬಹುದು.